ಸಾಹೇಬರು ಅರ್ಥ ಹೇಳಿದ ದಿನ

ಜನ ನಗಲಿ ಎಂದು ನಾನು ಬರೆದ ಕಾದಂಬರಿಯನ್ನು ಓದಿ ಉಯ್ಯಂಬಳ್ಳಿ ಕಡೆಯ ರೈತರೊಬ್ಬರು ಕಣ್ಣೊರೆಸಿಕೊಂಡರಂತೆ. ಈ ಸುದ್ದಿ ಕಿವಿಗೆ ಬಿದ್ದಾಗ ನನಗೆ ಮೊದಲು ಬಂದದ್ದು ಸಿಟ್ಟು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ಎಂದು ನಮ್ಮಮ್ಮ ಸುಮ್ಮನೆ ಅನ್ನುತ್ತಿರಲಿಲ್ಲ. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಅದು ಇಳಿದು, ಆ ಜಾಗದಲ್ಲಿ ಬೇರೊಂದು ಯೋಚನೆ ಬಂದು ಕೂತಿತು: ಆತ ಯಾವ ಪುಟದಲ್ಲಿ ಅತ್ತಿರಬಹುದು?

ಆಗ ನಾನು ರಾಮನಗರದ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ನಮ್ಮೂರು ಇನ್ನೂ ಬೆಂಗಳೂರು ಗ್ರಾಮಾಂತರಕ್ಕೇ ಸೇರಿತ್ತು. ಬಿಡದಿ ಕಡೆ ಕಾರ್ಖಾನೆಗಳು ಎದ್ದಿದ್ದವು, ಹೆದ್ದಾರಿಯ ಉದ್ದಕ್ಕೂ ಇನ್ನಷ್ಟು ಏಳುತ್ತವೆ ಎಂಬ ಮಾತು ಹೋಟೆಲುಗಳಲ್ಲಿ ಕಾಫಿಯ ಜೊತೆಗೇ ಬರುತ್ತಿತ್ತು. ಲಗ್ನಪತ್ರಿಕೆ, ಸಹಕಾರ ಸಂಘದ ವರದಿ, ಬಿಲ್ ಪುಸ್ತಕ ಅಂತ ನೆಮ್ಮದಿಯಾಗಿದ್ದ ನಮ್ಮ ಪ್ರೆಸ್ಸಿಗೆ ಸೈಟು ಮಾರುವವರ ಕರಪತ್ರಗಳು ರಾಶಿ ರಾಶಿ ಬರತೊಡಗಿದ್ದವು. ‘ಕಾರ್ಖಾನೆಯಿಂದ ಐದೇ ನಿಮಿಷ’ ಎಂದು ಅವುಗಳಲ್ಲಿ ಇರುತ್ತಿತ್ತು. ಕಾರ್ಖಾನೆ ಎಲ್ಲಿದೆ ಎಂದು ಕೇಳಿದರೆ ‘ಬರುತ್ತೆ ಬಿಡಿ ಮೇಡಂ’ ಎನ್ನುತ್ತಿದ್ದರು.

ಕಾದಂಬರಿ ಹುಟ್ಟಿದ್ದು ಅಲ್ಲೇ. ಹೆಸರು ‘ಕೂತ್ಕೊಳ್ಳಿ ಯಜಮಾನ್ರೇ’. ಮೊದಲ ಪೋಸ್ಟಿಂಗಿಗೆ ತಾಲ್ಲೂಕಿಗೆ ಬಂದ ಒಬ್ಬ ಎಳೆಯ ಅಧಿಕಾರಿ ಅದರ ನಾಯಕ. ಅವನು ಯಾರ ಮೇಲೂ ರೇಗುವುದಿಲ್ಲ. ಕಚೇರಿಗೆ ಬಂದ ರೈತನಿಗೆ ತಾನೇ ಎದ್ದು ಕುರ್ಚಿ ಎಳೆದುಕೊಡುತ್ತಾನೆ, ಕಾಫಿ ತರಿಸುತ್ತಾನೆ, ಹಸು ಎಷ್ಟು ಹಾಲು ಕೊಡುತ್ತೆ ಅಂತ ವಿಚಾರಿಸುತ್ತಾನೆ. ಎಲ್ಲ ಆದ ಮೇಲೆ, ‘ಇಲ್ಲೊಂದು ರುಜು ಹಾಕಿಬಿಡಿ, ವಿಷಯ ಆಮೇಲೆ ನಿಧಾನವಾಗಿ ಮಾತಾಡೋಣ’ ಎನ್ನುತ್ತಾನೆ. ಹುಟ್ಟಿದ ಮೇಲೆ ಮೊದಲ ಸಲ ಸರ್ಕಾರಿ ಕುರ್ಚಿಯಲ್ಲಿ ಕೂತ ಸಂಕೋಚಕ್ಕೆ ಜನ ರುಜು ಹಾಕುತ್ತಾರೆ. ಒಂದೊಂದು ರುಜುವಿಗೆ ಗೋಮಾಳ, ಕೆರೆ, ಕೊನೆಗೆ ಸ್ಮಶಾನವೂ ಹೋಗುತ್ತದೆ. ಸಾಹೇಬನಿಗೆ ಬಡ್ತಿಯಾಗುತ್ತದೆ. ಊರವರೇ ಹಾರ ಹಾಕಿ, ಅತ್ತು, ಜೀಪು ತಳ್ಳಿ ಬೀಳ್ಕೊಡುತ್ತಾರೆ. ನನ್ನ ಪ್ರಕಾರ ಇದಕ್ಕಿಂತ ಖಾರವಾಗಿ ಬರೆಯುವುದು ಸಾಧ್ಯವಿರಲಿಲ್ಲ.

ಪ್ರೆಸ್ಸಿನ ಮಾಲೀಕರೇ ಅದನ್ನು ಅಚ್ಚು ಹಾಕಿದರು. ಅವರದು ರೇಷ್ಮೆ ಬಿಚ್ಚುವವರ ಮನೆತನ. ಅಣ್ಣತಮ್ಮಂದಿರೆಲ್ಲ ನೂಲಿನ ಕಡೆ ಹೋದರೆ ಇವರೊಬ್ಬರು ಕಾಗದಕ್ಕೆ ಮನಸೋತವರು. ಬಿಡುವಿನಲ್ಲಿ ಒಂದೊಂದೇ ಫಾರಂ, ಅಂದರೆ ಹದಿನಾರು ಹದಿನಾರು ಪುಟ, ಕರಪತ್ರಗಳ ನಡುವೆ ತೂರಿಸಿ ಅಚ್ಚು ಹಾಕಿದೆವು. ಹಾಗಾಗಿ ಕೆಲವು ಪುಟಗಳ ಕಾಗದ ಬಿಳಿ, ಕೆಲವು ಪುಟಗಳದು ಒಸಿ ಹಳದಿ. ಪುಸ್ತಕದ ಕಟ್ಟುಗಳನ್ನು ನಾನೇ ಬಸ್ಸಿಗೆ ಹಾಕಿಕೊಂಡು ಹೋಗಿ ಸುತ್ತಿನ ನಾಲ್ಕೂ ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಇಟ್ಟು ಬಂದೆ.

ಪುಸ್ತಕ ಖರ್ಚಾಯಿತು. ನನಗೆ ಆಶ್ಚರ್ಯ, ಮಾಲೀಕರಿಗೆ ಇನ್ನೂ ಆಶ್ಚರ್ಯ. ಆದರೆ ಅಂಗಡಿಯವರು ತರುತ್ತಿದ್ದ ಸುದ್ದಿ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಮಾಗಡಿಯಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರು ಅಂಗಡಿಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕು, ‘ಇದು ನಮ್ಮ ಆಫೀಸೇ ಕಣಯ್ಯ’ ಎಂದು ಹಂಚುವುದಕ್ಕೆಂದು ಒಂದು ಕಟ್ಟನ್ನೇ ಒಯ್ದಿದ್ದರು. ಕನಕಪುರದಲ್ಲಿ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದ ಹುಡುಗರ ಗುಂಪು ಅದನ್ನು ಸಂದರ್ಶನಕ್ಕೆ ಗೈಡಿನಂತೆ ಓದುತ್ತಿತ್ತು. ಸಾಹೇಬ ಮಾತಾಡುವ ಧಾಟಿಗೆ ಅಡಿಗೆರೆ ಎಳೆದುಕೊಂಡಿದ್ದರಂತೆ. ಚನ್ನಪಟ್ಟಣದ ಬೊಂಬೆ ಕೆಲಸದವರೊಬ್ಬರಿಗೆ ಒಂದೇ ತಕರಾರು, ಅಷ್ಟು ಒಳ್ಳೆ ಹುಡುಗನಿಗೆ ಕೊನೆಯವರೆಗೂ ಯಾಕೆ ಮದುವೆ ಮಾಡಿಸಲಿಲ್ಲ ಎಂದು. ಕಾಲೇಜಿನ ಮೇಷ್ಟ್ರೊಬ್ಬರು ಈ ವಿಡಂಬನೆಗೆ ಹಲ್ಲಿಲ್ಲ ಅಂದರು. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು, ಇದಕ್ಕೆ ಹಲ್ಲು ಜಾಸ್ತಿಯಾಯಿತು, ಉದುರಿಸಬೇಕಾಗುತ್ತದೆ ಅಂದರು. ಉಯ್ಯಂಬಳ್ಳಿಯ ರೈತರ ಕಥೆ ಮೊದಲೇ ಹೇಳಿದೆ. ‘ಇಂಥ ಒಬ್ಬ ಸಾಹೇಬ ನಮ್ಗೂ ಬಂದಿದ್ರೆ’ ಎಂದು ಅವರು ಎರವಲು ಪಡೆದ ಪುಸ್ತಕ ಹಿಂದಕ್ಕೆ ಕೊಡುವಾಗ ಹೇಳಿದ್ದರಂತೆ.

ಎರಡನೇ ಮುದ್ರಣದ ಮಾತು ಬಂದಾಗ ಮಾಲೀಕರು ನನ್ನನ್ನು ಕರೆದು ಕೂರಿಸಿಕೊಂಡರು.

‘ಏನಮ್ಮಾ, ನಿನ್ ಕಿತಾಬು ತಮಾಷೆದಾ, ಸೀರಿಯಸ್ಸಾ?’

‘ತಮಾಷೆದೇ ಸಾರ್. ಸೀರಿಯಸ್ ತಮಾಷೆ.’

‘ಅದು ನನಗೆ ಗೊತ್ತು, ನಿನಗೆ ಗೊತ್ತು. ತಗೊಂಡವರಿಗೆ ಗೊತ್ತಾಗ್ಲಿಲ್ಲ. ಮುಖಪುಟದ ಮೇಲೆ ಕೆಂಪಕ್ಷರದಲ್ಲಿ ವಿಡಂಬನೆ ಅಂತ ಹಾಕಿಬಿಡೋಣ. ಇಲ್ಲಾಂದ್ರೆ ಕೊನೆ ಚಾಪ್ಟರ್ ಬದಲಾಯಿಸು. ಅವನಿಗೆ ಪ್ರಮೋಷನ್ ಯಾಕೆ ಕೊಡ್ತೀಯ? ಸಸ್ಪೆಂಡ್ ಮಾಡ್ಸು, ಎಲ್ಲರಿಗೂ ಗೊತ್ತಾಗುತ್ತೆ.’

ನನಗೆ ಎರಡೂ ಬೇಡವಾಗಿತ್ತು. ಆದರೆ ಕಾಗದ ಅವರದು, ಮೆಷಿನ್ ಅವರದು. ಕೊನೆಯ ಅಧ್ಯಾಯವನ್ನು ಕೂತು ತಿದ್ದಿದೆ. ಸಾಹೇಬನನ್ನು ಸಸ್ಪೆಂಡ್ ಮಾಡಿಸಿದೆ, ಊರವರ ಕೈಲಿ ಘೇರಾವ್ ಮಾಡಿಸಿದೆ. ಓದಿ ನೋಡಿದರೆ ಬಸ್ ಸ್ಟ್ಯಾಂಡಿನಲ್ಲಿ ಮೈಕು ಕಟ್ಟಿ ಭಾಷಣ ಮಾಡಿದ ಹಾಗಿತ್ತು. ಹರಿದು ಹಾಕಿ ಮತ್ತೆ ಬರೆದೆ. ಆಮೇಲೆ ಅದನ್ನೂ ಹರಿದೆ. ಮಾಲೀಕರು ದಿನಾ ಬೆಳಿಗ್ಗೆ ಬಂದು ‘ಸಸ್ಪೆಂಡ್ ಆಯ್ತಾ?’ ಎಂದು ಕೇಳಿ ಒಳಗೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ದಿನ ನನ್ನ ಮೇಜಿಗೆ ಒಂದು ಕರಪತ್ರದ ಕರಡು ಬಂತು. ಅಕ್ಕೂರಿನ ಕಡೆಯ ಒಂದು ಹಳ್ಳಿಯದು. ಪುರಾಣ ವಾಚನದ ಮಂಗಳ ಕಾರ್ಯಕ್ರಮ, ಸರ್ವರಿಗೂ ಸ್ವಾಗತ, ಪ್ರಸಾದ ವಿನಿಯೋಗ. ಇಂಥವು ತಿಂಗಳಿಗೆ ಹತ್ತು ಬರುತ್ತಿದ್ದವು. ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಇಳಿಯುತ್ತಿದ್ದವಳು ಗ್ರಂಥದ ಹೆಸರಿರುವ ಜಾಗಕ್ಕೆ ಬಂದು ನಿಂತೆ. ‘ಕೂತ್ಕೊಳ್ಳಿ ಯಜಮಾನ್ರೇ’ ಎಂದಿತ್ತು. ಅದರ ಕೆಳಗೆ ಮುಖ್ಯ ಅತಿಥಿಗಳ ಹೆಸರು. ಆ ಭಾಗದಲ್ಲಿ ಕಾರ್ಖಾನೆಗೆ ಜಮೀನು ಗುರುತಿಸಲು ಹೊಸದಾಗಿ ಬಂದಿದ್ದ ನಿಜವಾದ ಸಾಹೇಬರದು. ಅವರಿಗೂ ಅದು ಮೊದಲ ಪೋಸ್ಟಿಂಗು.

ಕರಪತ್ರ ಮಾಡಿಸಲು ಬಂದ ಹಿರಿಯರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಊರಿನಲ್ಲಿ ಪುರಾಣ ಓದಿಸುವಾಗ ಪದ್ಯಕ್ಕೆ ಅರ್ಥ ಹೇಳುವವರು ಅವರೇ ಆದ್ದರಿಂದ ಪುರಾಣದ ಗೌಡ್ರು ಎಂದೇ ಹೆಸರಂತೆ. ಈ ಪುಸ್ತಕ ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳಿದೆ.

‘ಚನ್ನಪಟ್ಟಣದ ಬಸ್ ಸ್ಟ್ಯಾಂಡ್ನಾಗೆ ಕಣವ್ವಾ. ನಮ್ಮೂರ ಅಂಗನವಾಡಿ ಮೇಡಮ್ಮ ತಂದ್ಲು. ಒಂದೊಸಿ ಓದು ಅಂದೆ. ಓದಿದ್ಲು ನೋಡು, ಬಿಡಕ್ಕೇ ಮನ್ಸು ಬರ್ನಿಲ್ಲ. ಹಳೇ ಪುರಾಣ ಎಷ್ಟು ದಪ ಅಂತ ಓದ್ಸೋದು? ಈ ಸಲ ಇದನ್ನೇ ಹಿಡುದ್ಬುಟ್ಟೊ.’

‘ಇದು ಪದ್ಯ ಅಲ್ಲವಲ್ಲ ಗೌಡ್ರೇ, ಹೇಗೆ ಹಾಡ್ತಾರೆ?’

‘ಅದೊಸಿ ಕಷ್ಟ ಆಯ್ತು. ಆದ್ರೂ ರಾಗ ಹಾಕವ್ಳೆ. ಸಾಯೇಬ್ರು ಮಾತಾಡೋ ಕಡೆಗೆಲ್ಲ ಮೋಹನ.’

ನಾನು ಬರೆದವಳೆಂದು ಹೇಳಿದೆ. ಗೌಡರು ಎದ್ದು ನಿಂತುಬಿಟ್ಟರು. ಮುಖಪುಟದಲ್ಲಿ ಬರೀ ಇನಿಷಿಯಲ್ಲು ಇದ್ದದ್ದರಿಂದ ಯಾರೋ ಗಂಡಸು, ಅದೂ ರಿಟೈರಾದ ದೊಡ್ಡ ಅಧಿಕಾರಿ ಎಂದುಕೊಂಡಿದ್ದರಂತೆ. ‘ಎಂಥಾ ಮಹಾನುಭಾವನ ಕತೆ ಬರ್ದಿದ್ದೀರಿ ತಾಯಿ’ ಎಂದು ಕೈಮುಗಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಾಲೀಕರು ಒಳಗಿನಿಂದ ಕತ್ತು ಹೊರಗೆ ಹಾಕಿ ನನ್ನನ್ನೇ ನೋಡಿ, ಮತ್ತೆ ಒಳಗೆಳೆದುಕೊಂಡರು.

ಮಂಗಳಕ್ಕೆ ಮುಂಚಿನ ಓದಿಗೆ ನಾನು ಆ ಊರಿಗೆ ಹೋದೆ. ಅಲ್ಲಿ ಓದು ನಡೆಯುವುದು ರೇಷ್ಮೆ ಹುಳ ಜ್ವರಕ್ಕೆ ಕೂತಾಗ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುತ್ತದಲ್ಲ, ಅದಕ್ಕೆ ಜ್ವರ ಎನ್ನುತ್ತಾರೆ. ಸೊಪ್ಪು ಕೊಯ್ಯುವ ಕೆಲಸವಿಲ್ಲದ ಆ ಹೊತ್ತಿನಲ್ಲಿ ಜನ ಮಾರಮ್ಮನ ಗುಡಿಯ ಜಗಲಿಗೆ ಬಂದು ಸೇರುತ್ತಾರೆ. ಅಂಗನವಾಡಿ ಮೇಡಂ ಒಂದು ಪುಟ ರಾಗವಾಗಿ ಓದಿ ನಿಲ್ಲಿಸುತ್ತಿದ್ದರು, ಗೌಡರು ಅದಕ್ಕೆ ಅರ್ಥ ಹೇಳುತ್ತಿದ್ದರು. ನಾನು ಸಾಹೇಬನನ್ನು ಗೇಲಿ ಮಾಡಿ ಬರೆದ ಒಂದೊಂದು ಮಾತನ್ನೂ ಗೌಡರು ಎತ್ತಿ ತಲೆ ಮೇಲೆ ಇಟ್ಟುಕೊಳ್ಳುತ್ತಿದ್ದರು. ‘ನೋಡಿ, ಬಡವ ಅಂತ ನೋಡ್ನಿಲ್ಲ, ಬೆವರು ವಾಸ್ನೆ ಅನ್ನಲಿಲ್ಲ. ಎದ್ದು ಕುರ್ಚಿ ಕೊಟ್ಟ. ಇದು ಸಾಮಾನ್ಯವಾ?’ ಜನ ತಲೆದೂಗುತ್ತಿದ್ದರು. ಪುರಾಣದ ಜಗಲಿಯಲ್ಲಿ ಓದಿಸಿಕೊಂಡ ಪುಸ್ತಕದ ನಾಯಕ ಒಳ್ಳೆಯವನಲ್ಲದೆ ಇರಲು ಸಾಧ್ಯವೇ ಇಲ್ಲ ಎಂಬುದು ಅಲ್ಲಿ ಯಾರೂ ಅನುಮಾನಿಸದ ಮಾತು. ನನ್ನ ಕಾದಂಬರಿ ಆ ಜಗಲಿ ಹತ್ತಿದ ಗಳಿಗೆಯಲ್ಲೇ ನನ್ನ ಸಾಹೇಬ ದೇವರಾಗಿಬಿಟ್ಟಿದ್ದ.

ನನಗೆ ಬೇಜಾರಾಯಿತು. ಆದರೆ ಕುತೂಹಲ ಅದಕ್ಕಿಂತ ದೊಡ್ಡದಿತ್ತು. ಕೇಳುತ್ತಾ ಕೂತವರ ಮುಖಗಳನ್ನು ನೋಡುತ್ತಿದ್ದೆ. ಒಬ್ಬ ಹೆಂಗಸು, ಕೆರೆಯ ಹಿಂದೆ ಹಿಪ್ಪುನೇರಳೆ ತೋಟವಿದ್ದವರು, ಗೋಮಾಳ ಹೋಗುವ ಪುಟ ಬಂದಾಗ ಸೆರಗು ಬಾಯಿಗಿಟ್ಟುಕೊಂಡರು. ಪಕ್ಕದವರು ಏನು ಎಂದು ಕೇಳಿದ್ದಕ್ಕೆ ‘ಪಾಪ, ಸಾಯೇಬ್ರಿಗೆ ಗೊತ್ತಿಲ್ಲ ಅನ್ಸುತ್ತೆ’ ಅಂದರು. ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದ ಒಬ್ಬ ತರುಣ ಹಿಂದೆ ಕಂಬಕ್ಕೆ ಒರಗಿ, ‘ಫ್ಯಾಕ್ಟ್ರಿ ಬಂದ್ರೆ ತಪ್ಪೇನ್ಲಾ? ಸೊಪ್ಪು ಕೊಯ್ಕಂಡೇ ಸಾಯ್ಬೇಕಾ?’ ಎಂದು ಗೆಳೆಯನಿಗೆ ಹೇಳುತ್ತಿದ್ದ. ಅದೇ ಪುಸ್ತಕ ಇವರಿಬ್ಬರ ಕಿವಿಗೂ ಬೀಳುತ್ತಿತ್ತು.

ಓದು ಮುಗಿದ ಮೇಲೆ ಗೌಡರು ಮಂಗಳದ ಕ್ರಮ ವಿವರಿಸಿದರು. ಕಡೆಯ ಭಾಗಕ್ಕೆ ಅರ್ಥ ಹೇಳುವ ಮರ್ಯಾದೆ ಬಂದ ಅತಿಥಿಯದು. ಊರಿನಲ್ಲಿ ಹಿಂದಿನಿಂದ ಹಾಗೇ ನಡೆದುಬಂದಿದೆ. ಒಂದು ಮಾತನ್ನೂ ಬಿಡದೆ ಅರ್ಥ ಹೇಳಿದ ಮೇಲೆಯೇ ಮಂಗಳ ಹಾಡಿ ಪುಸ್ತಕಕ್ಕೆ ಹೂ ಏರಿಸುವುದು. ಬರೆದವರು ನೀವೇ ಬಂದಿದ್ದೀರಿ, ಅತಿಥಿ ಅರ್ಥ ಹೇಳಿದ ಮೇಲೆ ನೀವೂ ಎರಡು ಮಾತಾಡಬೇಕು ಅಂದರು. ಸಾಹೇಬರು ಒಪ್ಪಿದ್ದು ಹೇಗೆ ಎಂದು ಕೇಳಿದೆ. ‘ಒಳ್ಳೇ ಸಾಯೇಬ್ರ ಕತೆ ಓದ್ಸಿದ್ದೀವಿ ಸ್ವಾಮಿ, ನೀವೇ ಬಂದು ಮುಗಿಸ್ಕೊಡಿ ಅಂದೊ. ಬತ್ತೀನಿ ಅಂದ್ರು. ಅವತ್ತೇ ಒಪ್ಗೆ ಕಾಗ್ದಕ್ಕೆ ರುಜುನೂ ಆಗೋಗ್ಲಿ, ಜನ ಎಲ್ಲ ಸೇರಿರ್ತಾರೆ ಅಂತ ಹೇಳವ್ರೆ.’

ಯಾವ ಒಪ್ಪಿಗೆ ಎಂದರೆ ಗೌಡರಿಗೂ ಪೂರ್ತಿ ಗೊತ್ತಿಲ್ಲ. ಕಾರ್ಖಾನೆಗೆ ಜಾಗ, ಗೋಮಾಳವಂತೆ, ಕೆರೆ ಪಕ್ಕದ್ದೂ ಒಸಿ ಬರಬಹುದಂತೆ. ‘ಅದೆಲ್ಲ ಆಮೇಲೆ ಹೇಳ್ತಾರಂತೆ’ ಎಂದರು, ಏನೂ ಅನುಮಾನವಿಲ್ಲದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ತಲೆ ಕೆಟ್ಟುಹೋಗಿತ್ತು. ಯಾವ ಮೋಸವನ್ನು ತೋರಿಸಲು ಪುಸ್ತಕ ಬರೆದೆನೋ ಅದೇ ಮೋಸಕ್ಕೆ ನನ್ನ ಪುಸ್ತಕವೇ ಜನ ಸೇರಿಸಿಕೊಡುತ್ತಿತ್ತು. ಇವರು ನನ್ನ ಸಾಹೇಬನ ಮೇಲಿನ ಪ್ರೀತಿಗೆ ಆ ಸಾಹೇಬನ ಕಾಗದಕ್ಕೆ ರುಜು ಹಾಕಿಬಿಟ್ಟರೆ? ಗೋಮಾಳ ಹೋದರೆ ಆ ಊರಿನ ದನ ಎಲ್ಲಿ ಮೇಯಬೇಕು, ಕೆರೆ ಹೋದರೆ ಆ ಹೆಂಗಸಿನ ತೋಟಕ್ಕೆ ನೀರೆಲ್ಲಿ? ಮರುದಿನ ಮಾಲೀಕರಿಗೆ ಎಲ್ಲ ಹೇಳಿ, ಮಂಗಳದ ದಿನ ಎದ್ದು ನಿಂತು ‘ಇದು ವಿಡಂಬನೆ, ಇದರ ಸಾಹೇಬ ಕಳ್ಳ’ ಅಂತ ಹೇಳಿಬಿಡುತ್ತೇನೆ ಎಂದೆ.

‘ಹೇಳು. ಆಮೇಲೆ ಪುರಾಣ ಓದ್ಸಿದವರ ಮುಖ ಎಲ್ಲಿಡ್ತೀಯ? ಇಷ್ಟು ದಿನ ತಪ್ಪು ಅರ್ಥ ಹೇಳಿದ್ರಿ ಅಂತ ಆ ಮುದುಕರಿಗೆ ಊರೆದುರು ಹೇಳ್ತೀಯಾ?’

‘ಜಮೀನು ದೊಡ್ಡದಾ, ಮುಖ ದೊಡ್ಡದಾ ಸಾರ್?’

ಮಾಲೀಕರು ಮೆಷಿನ್ ಕಡೆ ಹೋಗಿ, ಅಲ್ಲಿಂದ ತಿರುಗಿ ಬಂದು, ‘ಹೇಳಲೇಬೇಕು ಅಂದ್ರೆ ಹೇಳು. ಆದರೆ ಪೂರ್ತಿ ಓದಿಸಿದ ಮೇಲೆ ಹೇಳು’ ಅಂದರು.

ಮಂಗಳದ ದಿನ ಭಾನುವಾರ. ಜಗಲಿಗೆ ಮಾವಿನ ತೋರಣ ಕಟ್ಟಿದ್ದರು. ಗುಡಿಯ ಹಿಂದೆ ದೊಡ್ಡ ಹಂಡೆಗಳಲ್ಲಿ ಅವರೆಕಾಳು ಸಾರು ಕುದಿಯುತ್ತಿತ್ತು, ಹೆಸರುಬೇಳೆ ಪಾಯಸದ ವಾಸನೆ ಬರುತ್ತಿತ್ತು. ಜೀಪು ಬಂತು. ಸಾಹೇಬರು ಇಳಿದರು. ತೆಳ್ಳಗೆ, ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ನಾನು ಬರೆದವನ ತಮ್ಮನಂತೆ ಇದ್ದರು. ಎಲ್ಲರಿಗೂ ತಾವೇ ಮೊದಲು ಕೈಮುಗಿದರು. ಅವರ ಹಿಂದೆ ಗ್ರಾಮಲೆಕ್ಕಿಗರು ಒಂದು ಫೈಲು, ಹೆಬ್ಬೆಟ್ಟಿನ ಇಂಕ್ ಪ್ಯಾಡು ಹಿಡಿದು ಇಳಿದರು. ಊರಿನಲ್ಲಿದ್ದ ಒಂದೇ ಕೈಕುರ್ಚಿಯನ್ನು ಸ್ಕೂಲಿನಿಂದ ತಂದು, ಟವೆಲ್ಲಿನಲ್ಲಿ ಒರೆಸಿ ಗೌಡರು, ‘ಕೂತ್ಕೊಳ್ಳಿ ಸ್ವಾಮಿ’ ಎಂದರು. ಮಿಕ್ಕವರೆಲ್ಲ ನೆಲದ ಮೇಲೆ ಚಾಪೆಯಲ್ಲಿ.

ನಾನು ತಡೆಯಲಾರದೆ ಗೌಡರ ಬಳಿ ಹೋಗಿ, ಓದುವ ಮುಂಚೆ ನನಗೆ ಒಂದು ಮಾತಾಡಲು ಬಿಡಿ ಎಂದು ಕಿವಿಯಲ್ಲಿ ಕೇಳಿದೆ. ‘ಅತಿಥಿ ಆದ್ಮೇಲೆ ತಾಯಿ, ಕ್ರಮ ತಪ್ಸಬಾರ್ದು’ ಎಂದು ಅವರು ಅಷ್ಟೇ ಮೆಲ್ಲಗೆ ಹೇಳಿದರು. ನಾನು ಹೋಗಿ ಕೂತೆ. ಅಂಗನವಾಡಿ ಮೇಡಂ ಕೊನೆಯ ಅಧ್ಯಾಯ ತೆಗೆದರು.

ಹರಿದು ಹಾಕಿ ಹಾಕಿ ನನಗೇ ಬೇಸರವಾಗಿದ್ದ ಆ ಅಧ್ಯಾಯ ರಾಗದಲ್ಲಿ ಬೇರೆಯೇ ಕೇಳಿಸಿತು. ಸಾಹೇಬ ಎಳೆದುಕೊಟ್ಟ ಕುರ್ಚಿಯಲ್ಲಿ ಕೂತು ಮುದುಕ ಸ್ಮಶಾನದ ಕಾಗದಕ್ಕೆ ರುಜು ಹಾಕುವುದು, ಸಾಹೇಬ ಅವನ ಹೆಗಲು ಮುಟ್ಟಿ ‘ವಿಷಯ ಆಮೇಲೆ ನಿಧಾನವಾಗಿ ಮಾತಾಡೋಣ’ ಎನ್ನುವುದು, ಬಡ್ತಿ, ಹಾರ, ಜೀಪು. ಮೊದಮೊದಲು ಕುರ್ಚಿಯಲ್ಲಿ ಸಾಹೇಬರ ಮುಖದಲ್ಲಿ ನಗುವಿತ್ತು. ಸ್ಮಶಾನದ ಹೊತ್ತಿಗೆ ಅದು ಸಪ್ಪಗಾಗಿ, ಜೀಪಿನ ಹೊತ್ತಿಗೆ ಅವರು ಕಾಲು ಮೇಲಿಂದ ಕಾಲು ಇಳಿಸಿ ನೆಟ್ಟಗೆ ಕೂತಿದ್ದರು. ನಾನು ಅವರನ್ನು ಬಿಟ್ಟು ಬೇರೇನೂ ನೋಡಲಿಲ್ಲ.

‘ಈಗ ಅರ್ಥ ಸಾಯೇಬ್ರುದ್ದು’ ಎಂದು ಗೌಡರು ಕೈಮುಗಿದರು.

ಸಾಹೇಬರು ಎದ್ದು, ‘ಇಲ್ಲಿ ಅಧಿಕಾರಿ ಜನರನ್ನು ಗೌರವದಿಂದ ಕಾಣುತ್ತಾನೆ. ಜನರೂ ಅವನನ್ನು ಪ್ರೀತಿಸುತ್ತಾರೆ. ಆಡಳಿತ ಮತ್ತು ಜನ ಹೀಗಿರಬೇಕು’ ಎಂದು ಹೇಳಿ ಕೂರಲು ಹೋದರು.

‘ಅದಾಯ್ತು ಸ್ವಾಮಿ’ ಎಂದು ಗೌಡರು ತಡೆದರು. ಅವರ ದನಿಯಲ್ಲಿ ವಿನಯ ಬಿಟ್ಟು ಬೇರೇನೂ ಇರಲಿಲ್ಲ. ‘ವಿಷ್ಯ ಆಮೇಲೆ ಅಂದ್ನಲ್ಲ, ಅದುಕ್ಕೆ ಅರ್ಥ ಹೇಳ್ನಿಲ್ಲ. ಮಾತು ಬಿಡಬಾರ್ದು.’

‘ಅದು... ಸುಮ್ಮನೆ ಆಡುಮಾತು.’

‘ಪುಸ್ತಕದಾಗೆ ಸುಮ್ನೆ ಯಾಕೆ ಬರೀತಾರೆ? ಬರೆದ ತಾಯಿ ಇಲ್ಲೇ ಕುಂತವ್ಳೆ.’

ಎಲ್ಲರೂ ನನ್ನ ಕಡೆ ತಿರುಗಿದರು. ಸಾಹೇಬರೂ ತಿರುಗಿದರು. ಬಾಯಿ ತೆರೆದು ಹೇಳಿಬಿಡಲು ಅದಕ್ಕಿಂತ ಒಳ್ಳೆ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಅವರ ಕಣ್ಣು ನೋಡಿದ ಮೇಲೆ ನನಗೆ ಅವರ ಉತ್ತರ ಬೇಕಿತ್ತು, ನನ್ನದಲ್ಲ. ‘ಸಾಹೇಬರೇ ಹೇಳಲಿ’ ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಮೊದಲೇ ವಿಷಯ ಹೇಳಿದರೆ ಜನ ರುಜು ಹಾಕುವುದಿಲ್ಲ ಅಂತ ಅವನಿಗೆ ಗೊತ್ತಿರುತ್ತದೆ. ಅದಕ್ಕೇ ಆಮೇಲೆ ಅನ್ನುತ್ತಾನೆ’ ಎಂದರು. ದನಿ ಕೆಳಗಿಳಿದಿತ್ತು.

ಗೌಡರು ಬಾಯಿ ತೆರೆದವರು ಮುಚ್ಚಲಿಲ್ಲ. ಇಷ್ಟು ದಿನ ತಾವು ಹೇಳಿದ ಅರ್ಥವೆಲ್ಲ ಅವರ ಎದುರಿಗೇ ತಲೆಕೆಳಗಾಗುತ್ತಿತ್ತು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಆಗ ಹಿಪ್ಪುನೇರಳೆ ತೋಟದ ಆ ಹೆಂಗಸು ಕೂತಲ್ಲಿಂದಲೇ ಕೇಳಿದರು.

‘ಸ್ವಾಮಿ, ನೀವು ತಂದಿರೋ ಕಾಗ್ದದಾಗೂ ವಿಷ್ಯ ಆಮೇಕೇನಾ?’

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಜಗಲಿ ನಕ್ಕಿತು. ನನ್ನ ಪುಸ್ತಕಕ್ಕೆ ಆ ಊರು ನಕ್ಕದ್ದು ಅದೇ ಮೊದಲು. ಗ್ರಾಮಲೆಕ್ಕಿಗರು ಫೈಲನ್ನು ಕಂಕುಳಿಗೆ ಸೇರಿಸಿಕೊಂಡರು. ಸಾಹೇಬರ ಕಿವಿ ಕೆಂಪಗಾದವು, ಆದರೆ ಅವರು ಓಡಿಹೋಗಲಿಲ್ಲ. ಅದನ್ನು ನಾನು ಹೇಳಲೇಬೇಕು. ಕುರ್ಚಿ ಪಕ್ಕಕ್ಕೆ ಸರಿಸಿ ಚಾಪೆಯ ಮೇಲೆ ಕೂತು, ‘ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ’ ಎಂದರು.

ಜನ ಕೇಳಿದರು. ಗೋಮಾಳ ಪೂರ್ತಿಯಾ? ಪೂರ್ತಿ. ಕೆರೆ? ನಕ್ಷೆ ನೋಡಿ ಹೇಳಬೇಕು. ತೋಟಗಳು? ಕೆಲವು ಸೇರಬಹುದು, ಯಾವುವು ಎಂದು ಇನ್ನೂ ಗುರುತಾಗಿಲ್ಲ. ಕಂಬಕ್ಕೆ ಒರಗಿದ್ದ ಡಿಪ್ಲೊಮಾ ತರುಣ ಮುಂದೆ ಬಂದು, ‘ನಮ್ಗೆ ಕೆಲ್ಸ ಎಷ್ಟು ಜನಕ್ಕೆ ಕೊಡ್ತಾರೆ? ಬರ್ದು ಕೊಡ್ತೀರಾ?’ ಎಂದ. ಸಾಹೇಬರು ‘ಅದು ನನ್ನ ಕೈಲಿಲ್ಲ, ಕೇಳಿ ಹೇಳಬೇಕು’ ಎಂದರು. ತರುಣನ ಮುಖ ಇಳಿದುಹೋಯಿತು. ಅವನು ನಿಜಕ್ಕೂ ಹೌದು ಎಂಬ ಉತ್ತರಕ್ಕೇ ಕಾದಿದ್ದ.

ಗೌಡರು ಗಂಟಲು ಸರಿಮಾಡಿಕೊಂಡರು. ಅವರಿಗೆ ಗೊತ್ತಿದ್ದದ್ದು ಒಂದೇ, ಕ್ರಮ.

‘ಸಾಯೇಬ್ರು ಅರ್ಧ ಅರ್ಥ ಹೇಳವ್ರೆ. ಅರ್ಧ ಉಳ್ಕಂಡೈತೆ. ನಕ್ಸೆ ನೋಡಿ ಬಂದು ಮಿಕ್ಕಿದ್ದು ಹೇಳ್ಲಿ. ಅಲ್ಲೀಗಂಟ ಮಂಗಳ ಹಾಡಂಗಿಲ್ಲ. ಮಂಗಳ ಆಗೋಗಂಟ ಯಾರೂ ಯಾವ ಕಾಗ್ದಕ್ಕೂ ರುಜು ಹಾಕಂಗಿಲ್ಲ.’

ಓದು ಹಿಡಿದ ಮೇಲೆ ಅದು ಮುಗಿಯುವ ತನಕ ಮಾರುವುದು ಕೊಳ್ಳುವುದು ಬೇಡ ಎಂಬ ಕಟ್ಟಳೆ ಊರಿನಲ್ಲಿ ಮೊದಲಿಂದ ಇತ್ತು ಎಂದು ಆಮೇಲೆ ತಿಳಿಯಿತು. ಇದುವರೆಗೆ ಅದು ಒಂದು ಎಮ್ಮೆಯ ವ್ಯಾಪಾರಕ್ಕೂ ಅಡ್ಡ ಬಂದಿರಲಿಲ್ಲವಂತೆ. ಸಾಹೇಬರು ಸ್ವಲ್ಪ ಯೋಚಿಸಿ, ‘ಬರುತ್ತೇನೆ’ ಎಂದರು. ಅಡುಗೆ ಆಗಿತ್ತಲ್ಲ, ಮಂಗಳವಿಲ್ಲದೆಯೇ ಪಂಕ್ತಿ ಕೂತಿತು. ಮುದ್ದೆ ಮುರಿಯುತ್ತಾ ಸಾಹೇಬರು ಪಕ್ಕದಲ್ಲಿದ್ದ ನನಗೆ ಮೆಲ್ಲಗೆ ಹೇಳಿದರು: ‘ಇದು ತಮಾಷೆಯ ಪುಸ್ತಕ ಅಂತ ನನಗೆ ಯಾರೂ ಹೇಳಲಿಲ್ಲ ಮೇಡಂ.’

‘ನಿಮಗೆ ಯಾವಾಗ ಗೊತ್ತಾಯಿತು?’

‘ಅವರು ನನಗೊಬ್ಬನಿಗೇ ಕುರ್ಚಿ ಕೊಟ್ಟಿದ್ದರಲ್ಲ, ನಿಮ್ಮ ಸಾಹೇಬ ಕುರ್ಚಿ ಎಳೆಯೋ ಸಾಲು ಓದುವಾಗ ಸೀಟು ಬಿಸಿಯಾಯಿತು.’ ನಕ್ಕರು. ನನಗೆ ಅವರ ಮೇಲೆ ಪ್ರೀತಿ ಬಂತು, ಯಾಕೆ ಸುಳ್ಳು ಹೇಳಲಿ. ಉಯ್ಯಂಬಳ್ಳಿಯ ರೈತರು ಯಾವ ಪುಟದಲ್ಲಿ ಅತ್ತಿರಬಹುದು ಎಂಬುದೂ ಆಗಲೇ ಸ್ವಲ್ಪ ಹೊಳೆಯಿತು.

ಪ್ರೆಸ್ಸಿನಲ್ಲಿ ಎಲ್ಲ ಹೇಳಿದೆ. ಮಾಲೀಕರು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಎರಡನೇ ಮುದ್ರಣಕ್ಕೆ ಸಿದ್ಧವಾಗಿದ್ದ ಮುಖಪುಟದ ಟ್ರೇಸಿಂಗ್ ಹಾಳೆಯಿಂದ ‘ವಿಡಂಬನೆ’ ಎಂಬ ಪದವನ್ನು ಬ್ಲೇಡಿನಲ್ಲಿ ಕೆರೆದು ತೆಗೆದರು. ಕೊನೆಯ ಅಧ್ಯಾಯ ಮೊದಲಿದ್ದ ಹಾಗೇ ಉಳಿಯಿತು. ಡಿಪ್ಲೊಮಾ ತರುಣ ಒಂದು ದಿನ ಪ್ರೆಸ್ಸಿಗೇ ಬಂದು ಜಗಳವಾಡಿ ಹೋದ. ‘ನಿಮ್ ಪುಸ್ತಕ ಓದ್ಸಿ ನಮ್ ಹೊಟ್ಟೆ ಮೇಲೆ ಹೊಡುದ್ರಿ. ಫ್ಯಾಕ್ಟ್ರಿ ಪಕ್ಕದ್ ಊರಿಗೆ ಹೋಯ್ತದಂತೆ’ ಅಂದ. ಕೂತ್ಕೊಳ್ಳಿ ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡೆ.

ನಕ್ಷೆ ತರುವ ಮುಂಚೆಯೇ ಸಾಹೇಬರಿಗೆ ವರ್ಗವಾಯಿತು. ಎಲ್ಲಿಗೋ ಉತ್ತರದ ಕಡೆಗೆ, ಬಡ್ತಿ ಏನೂ ಇಲ್ಲದೆ. ಸುದ್ದಿ ತಂದವರು ಪುರಾಣದ ಗೌಡರೇ. ಅದೇ ಬೆಂಚಿನ ಮೇಲೆ ಕೂತು, ಟವೆಲ್ಲನ್ನು ಮೊಣಕಾಲ ಮೇಲೆ ಮಡಿಸಿ ಇಟ್ಟುಕೊಂಡರು. ಅವರು ನನ್ನ ಮೇಲೆ ಸಿಟ್ಟಾಗಿರಬಹುದು ಎಂದು ನಾನು ಹೆದರಿದ್ದೆ. ಹಾಗೇನೂ ಇರಲಿಲ್ಲ. ಅಥವಾ ಇದ್ದರೂ ತೋರಿಸಲಿಲ್ಲ.

‘ಅವ್ವಾ, ಸಾಯೇಬ್ರು ಹೋದ್ರು. ಹೊಸಬ್ರು ಬಂದವ್ರೆ, ರುಜು ರುಜು ಅಂತವ್ರೆ. ಮಂಗಳ ಅಂಗೇ ನಿಂತೈತೆ. ಉಳ್ದ ಅರ್ಥ ಈಗ ಯಾರು ಹೇಳ್ಬೇಕು? ಬರ್ದವ್ರು ನೀವು, ನೀವೇ ಬಂದು ಹೇಳ್ಬುಡಿ. ಮುಗ್ಸಿಬುಡನ.’

ಮಾಲೀಕರು ಮೆಷಿನ್ ನಿಲ್ಲಿಸಿ ಬಾಗಿಲಿಗೆ ಬಂದು ನಿಂತರು. ನಾನು ಹೋಗಿ ಅರ್ಥ ಹೇಳಬಹುದಿತ್ತು. ತಿಂಗಳುಗಟ್ಟಲೆ ನಾಲ್ಕು ತಾಲ್ಲೂಕಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳಲು ಒದ್ದಾಡುತ್ತಿದ್ದದ್ದು ಅದನ್ನೇ. ಈಗ ಒಂದು ಊರೇ ಕರೆಯುತ್ತಿತ್ತು. ನಾನು ಹೇಳಿ ಮುಗಿಸಿದರೆ ಮಂಗಳ ಆಗುತ್ತದೆ. ಮಂಗಳ ಆದರೆ ರುಜುವಿಗೆ ಅಡ್ಡಿಯಿರುವುದಿಲ್ಲ.

‘ನಾನು ಹೇಳಲ್ಲ ಗೌಡ್ರೇ’ ಎಂದೆ. ‘ರುಜು ಕೇಳಿಕೊಂಡು ಯಾರು ಬರ್ತಾರೋ ಅವರೇ ಹೇಳ್ಲಿ.’

ಗೌಡರು ಆ ಮಾತನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡು ನೋಡಿದರು. ‘ಅದು ಕ್ರಮವಾಗೈತೆ’ ಎಂದು ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದರು. ಆಮೇಲೆ ಮೂವರು ಸಾಹೇಬರು ಬಂದು ಹೋದರು. ಆ ಊರಿನಲ್ಲಿ ನನ್ನ ಕಾದಂಬರಿಯ ಓದು ಇನ್ನೂ ಮುಗಿದಿಲ್ಲ.